ಮುಳುಗಿದ್ದನ್ನೂ ನೀರು ಎತ್ತುತ್ತದೆ

(ಹಾನಗಲ್ ತಾಲ್ಲೂಕಿನ ಹಳ್ಳಿಯೊಂದರ ಗ್ರಂಥಾಲಯದಲ್ಲಿ ಆಡಿದ ಮಾತುಗಳ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಇಟ್ಟಿದ್ದೇನೆ. ಕರೆಂಟು ಹೋದಾಗ ನಡೆದ ಹರಟೆಯನ್ನು ಮಾತ್ರ ಬಿಟ್ಟಿದ್ದೇನೆ.)

ಎಲ್ಲರಿಗೂ ಶರಣು.

ಐದು ಕಿಲೋ ತೂಗುವ ಕಲ್ಲಂಗಡಿಯನ್ನು ಕೆರೆಗೆ ಎಸೆದರೆ ತೇಲುತ್ತದೆ. ಒಂದೇ ಒಂದು ಜೋಳದ ಕಾಳು ಹಾಕಿದರೆ ತಳ ಸೇರುತ್ತದೆ. ಇದು ಇಲ್ಲಿ ಕೂತ ಎಲ್ಲರಿಗೂ ಗೊತ್ತು. ಜೋಳ ತೊಳೆಯುವಾಗ ಗಟ್ಟಿಕಾಳು ಕೆಳಗೆ ಕೂರುತ್ತದೆ, ಜೊಳ್ಳು ಮೇಲೆ ಬರುತ್ತದೆ ಎಂಬುದು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೂ 'ವಸ್ತು ಯಾಕೆ ಮುಳುಗುತ್ತದೆ' ಎಂದು ಥಟ್ಟನೆ ಕೇಳಿ ನೋಡಿ. 'ಭಾರ ಇರ್ತದಲ್ರೀ, ಅದಕ್ಕ' ಎನ್ನುತ್ತಾರೆ. ದಿನಾ ಕಣ್ಣೆದುರು ಕಂಡದ್ದನ್ನು ಬಾಯಿ ಒಪ್ಪುವುದಿಲ್ಲ.

ಶಾಲೆ ಕಲಿತ ಹುಡುಗರು ಇದಕ್ಕಿಂತ ಒಂದು ಹೆಜ್ಜೆ ಮುಂದೆ. 'ಸಾಂದ್ರತೆ ಸರ್' ಎಂದು ಎದ್ದು ನಿಂತು ಹೇಳುತ್ತಾರೆ. ಒಂದು ಘನ ಸೆಂಟಿಮೀಟರ್ ನೀರು ಒಂದು ಗ್ರಾಂ ತೂಗುತ್ತದೆ, ಅಷ್ಟೇ ಗಾತ್ರದ ವಸ್ತು ಅದಕ್ಕಿಂತ ಹೆಚ್ಚು ತೂಗಿದರೆ ಮುಳುಗುತ್ತದೆ, ಕಡಿಮೆ ತೂಗಿದರೆ ತೇಲುತ್ತದೆ. ಸರಿಯಾದ ಉತ್ತರ, ಪರೀಕ್ಷೆಯಲ್ಲಿ ಪೂರ್ತಿ ಅಂಕ. ಆದರೆ ನನಗೆ ಈ ಉತ್ತರದ ಮೇಲೆ ಒಂದು ತಕರಾರಿದೆ. ಯಾವುದು ತೇಲುತ್ತದೆ ಎಂದು ಅದು ಹೇಳುತ್ತದೆಯೇ ಹೊರತು ಯಾಕೆ ಎಂದು ಹೇಳುವುದಿಲ್ಲ. ನಮ್ಮ ನೋಟವೆಲ್ಲ ವಸ್ತುವಿನ ಮೇಲೇ ನೆಟ್ಟಿರುತ್ತದೆ. ಕೆಲಸ ಮಾಡುತ್ತಿರುವುದು ನೀರು. ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಇವತ್ತು ನೀರಿನ ಕಡೆಯಿಂದ ನೋಡೋಣ.

ಮೊದಲು ಈ ಬಕೆಟ್ ನೋಡಿ. ಏಳನೇ ಇಯತ್ತೆಯ ಈ ತಂಗಿ ಒಂದು ಕಿತ್ತಳೆ ಹಣ್ಣನ್ನು ಸಿಪ್ಪೆಸಮೇತ ನೀರಿಗೆ ಬಿಡುತ್ತಾಳೆ. ತೇಲಿತು. ಬೆರಳಿಂದ ಒತ್ತಿದರೂ ಪುಟಿದು ಮೇಲೆ ಬರುತ್ತದೆ. ಈಗ ಅದೇ ಹಣ್ಣಿನ ಸಿಪ್ಪೆ ಸುಲಿದು ಬಿಡವ್ವಾ. ನೋಡಿ, ಸೀದಾ ತಳಕ್ಕೆ ಹೋಯಿತು. ('ಹಗುರಾದ ಮ್ಯಾಲೆ ಮುಳುಗ್ತಲ್ರೀ!' ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು.) ಅದೇ ನನಗೂ ಬೇಕಾಗಿದ್ದ ಮಾತು. ಸಿಪ್ಪೆ ತೆಗೆದಾಗ ಹಣ್ಣಿನ ತೂಕ ಕಡಿಮೆಯೇ ಆಯಿತು, ಆದರೂ ಮುಳುಗಿತು. ಭಾರದ್ದು ಮುಳುಗುತ್ತದೆ ಎಂಬ ಮಾತು ಇಲ್ಲಿಗೆ ಬಿದ್ದುಹೋಯಿತು. ಸಿಪ್ಪೆಯ ಒಳಗಿನ ಆ ಬಿಳಿ ಮೆತ್ತನೆ ಪದರದ ತುಂಬ ಗಾಳಿಯ ಸಣ್ಣ ಸಣ್ಣ ಗೂಡುಗಳಿವೆ. ತೂಕ ಅಷ್ಟಕ್ಕಷ್ಟೇ, ಹಿಡಿಯುವ ಜಾಗ ಮಾತ್ರ ದೊಡ್ಡದು. ಸಿಪ್ಪೆ ಹೋದಾಗ ಹಣ್ಣು ತೂಕ ಕಳೆದುಕೊಂಡದ್ದಕ್ಕಿಂತ ಜಾಗ ಕಳೆದುಕೊಂಡದ್ದು ಹೆಚ್ಚು. ನೀರು ಲೆಕ್ಕ ಹಿಡಿಯುವುದು ಆ ಜಾಗವನ್ನು.

ಇನ್ನು ಬಾವಿಗೆ ಬರೋಣ. ಬಾವಿಯಿಂದ ನೀರು ಸೇದಿದವರು ಯಾರ್ಯಾರು ಇದ್ದೀರಿ? ಕೈ ಎತ್ತಿದವರೆಲ್ಲ ಐವತ್ತು ದಾಟಿದವರೇ. ಕಿರಿಯರಿಗೆ ಮೋಟಾರಿನ ಸ್ವಿಚ್ಚು ಗೊತ್ತು, ಗಡಗಡಿಯ ಸದ್ದು ಗೊತ್ತಿಲ್ಲ. ಇರಲಿ. ಅಕ್ಕಾರೆ, ಕೊಡ ತುಂಬಿದ ಮೇಲೆ ಹಗ್ಗ ಜಗ್ಗುವಾಗ ಏನಾಗುತ್ತಿತ್ತು ಹೇಳ್ರಿ.

'ನೀರಾಗ ಇರೋತನಕ ಹಗ್ಗಕ್ಕ ಏನೂ ಇಲ್ಲದಂಗ ಬರ್ತಿತ್ರೀ. ನೀರ ಬಿಟ್ಟು ಮ್ಯಾಲ ಬಂದ ಕೂಡ್ಲೆ ರಟ್ಟೀಗೆ ಜಗ್ಗತಿತ್ತು.'

ಇವತ್ತಿನ ಇಡೀ ಉಪನ್ಯಾಸ ಈ ಎರಡು ಸಾಲಿನಲ್ಲಿದೆ. ಎರಡೂವರೆ ಕಿಲೋ ತೂಗುವ ತಾಮ್ರದ ಕೊಡ, ಅದರಲ್ಲಿ 12 ಲೀಟರ್ ನೀರು ಎಂದು ಹಿಡಿಯಿರಿ. ಹೊರಗೆ ಬಂದಾಗ ಹಗ್ಗದ ಮೇಲೆ ಹದಿನಾಲ್ಕೂವರೆ ಕಿಲೋ ಭಾರ. ನೀರಿನೊಳಗೆ ಇದ್ದಾಗ ಎರಡು ಕಿಲೋ ಇನ್ನೂರು ಗ್ರಾಂ ಮಾತ್ರ. ಆ 12 ಲೀಟರ್ ನೀರಿನ ಭಾರ ಎಲ್ಲಿ ಹೋಗಿತ್ತು? ಸುತ್ತಲಿನ ನೀರು ಅದನ್ನು ಹೊತ್ತಿತ್ತು. ಅಷ್ಟೇ ಅಲ್ಲ, ತಾಮ್ರದ ಭಾರದಲ್ಲೂ ಸುಮಾರು 280 ಗ್ರಾಂನಷ್ಟನ್ನು ಅದೇ ಹೊತ್ತಿತ್ತು. ತಾಮ್ರ ನೀರಿಗಿಂತ ಒಂಬತ್ತು ಪಟ್ಟು ಹತ್ತಿರ ಭಾರ. ಬಿಟ್ಟರೆ ಮುಳುಗುವ ಲೋಹ. ಆದರೂ ನೀರು ಅದಕ್ಕೆ ತನ್ನ ಕೈ ಆಸರೆ ಕೊಟ್ಟಿದೆ.

ಹೇಗೆ ಎಂದು ಕೇಳಿದರೆ, ಕಣ್ಣು ಮುಚ್ಚಿ ಒಂದು ನಿಂತ ಬಾವಿಯನ್ನು ನೆನೆಸಿಕೊಳ್ಳಿ. ಅಲೆಯಿಲ್ಲ, ಸೆಲೆಯ ಎಳೆತವಿಲ್ಲ. ಅದರ ನಡುವೆ ಒಂದು ಲೀಟರಿನಷ್ಟು ನೀರಿಗೆ ಮನಸ್ಸಿನಲ್ಲೇ ಗೆರೆ ಎಳೆಯಿರಿ. ಆ ಒಂದು ಲೀಟರ್ ನೀರಿಗೆ ಒಂದು ಕಿಲೋ ತೂಕ ಇದೆಯಲ್ಲ, ಅದು ಕೆಳಗೆ ಯಾಕೆ ಬೀಳುತ್ತಿಲ್ಲ? ಸುತ್ತಲಿನ ನೀರು ಅದನ್ನು ಎತ್ತಿ ಹಿಡಿದಿದೆ. ಕರಾರುವಾಕ್ಕಾಗಿ ಒಂದು ಕಿಲೋ ಬಲದಿಂದ ಹಿಡಿದಿದೆ. ಹೆಚ್ಚಾಗಿದ್ದರೆ ಅದು ಮೇಲೇರುತ್ತಿತ್ತು, ಕಡಿಮೆಯಾಗಿದ್ದರೆ ಇಳಿಯುತ್ತಿತ್ತು. ಈಗ ಆ ನೀರನ್ನು ತೆಗೆದು ಅದೇ ಆಕಾರದ ಒಂದು ಕಲ್ಲನ್ನು ಅಲ್ಲಿ ಇಡಿ. ಒಳಗೆ ನೀರು ಇದೆಯೋ ಕಲ್ಲು ಇದೆಯೋ ಬಂಗಾರ ಇದೆಯೋ, ಸುತ್ತಲಿನ ನೀರಿಗೆ ತಿಳಿಯುವ ದಾರಿಯೇ ಇಲ್ಲ. ಅದು ಮೊದಲು ಹೇಗೆ ಒತ್ತುತ್ತಿತ್ತೋ ಈಗಲೂ ಹಾಗೇ ಒತ್ತುತ್ತದೆ. ಒಂದು ಲೀಟರ್ ಜಾಗ ಹಿಡಿದೆಯಾ, ನಿನ್ನ ಖಾತೆಗೆ ಒಂದು ಕಿಲೋ ಜಮಾ. ಗ್ರಾನೈಟ್ ಕಲ್ಲಾದರೆ ಆ ಗಾತ್ರಕ್ಕೆ 2.7 ಕಿಲೋ ತೂಗುತ್ತದೆ. ಒಂದು ಕಿಲೋ ಜಮಾ ಆದರೂ 1.7 ಕಿಲೋ ಬಾಕಿ ಉಳಿಯುತ್ತದೆ, ಮುಳುಗುತ್ತದೆ. ಸಾಗವಾನಿ ತುಂಡಾದರೆ 650 ಗ್ರಾಂ ಆಸುಪಾಸು, ಜಮೆಯೇ ಹೆಚ್ಚಾಯಿತು, ಮೇಲೆ ಬರುತ್ತದೆ. ನೀರಿನ ನ್ಯಾಯದಲ್ಲಿ ತಾರತಮ್ಯವಿಲ್ಲ. ಮುಳುಗುವುದೂ ತೇಲುವುದೂ ಬಾಕಿಯ ಪ್ರಶ್ನೆ.

ಒಬ್ಬ ಹುಡುಗ ಕೈ ಎತ್ತಿದ್ದಾನೆ. 'ಸರ್, ಆಳಕ್ಕ ಹೋದಂಗ ನೀರಿನ ಒತ್ತಡ ಹೆಚ್ಚಾಗ್ತದ. ಹಂಗಾದ್ರ ಎತ್ತೋ ಬಲಾನೂ ಹೆಚ್ಚಾಗ್ಬೇಕಲ್ಲ?' ಒಳ್ಳೆಯ ಪ್ರಶ್ನೆ ತಮ್ಮಾ. ಒತ್ತಡ ಹೆಚ್ಚುವುದು ನಿಜ. ಪ್ರತಿ ಹತ್ತು ಮೀಟರಿಗೆ ಒಂದು ವಾತಾವರಣದಷ್ಟು, ಅಂದರೆ ನಮ್ಮ ಮೇಲಿನ ಗಾಳಿ ಒತ್ತುವಷ್ಟು, ಕೂಡುತ್ತಾ ಹೋಗುತ್ತದೆ. ಆದರೆ ಕಲ್ಲನ್ನು ಎತ್ತುವುದು ಒತ್ತಡವಲ್ಲ, ಒತ್ತಡದಲ್ಲಿನ ವ್ಯತ್ಯಾಸ. ಹತ್ತು ಸೆಂಟಿಮೀಟರ್ ಎತ್ತರದ ಕಲ್ಲಿನ ತಳವು ನೆತ್ತಿಗಿಂತ ಹತ್ತು ಸೆಂಟಿಮೀಟರ್ ಆಳದಲ್ಲಿರುತ್ತದೆ. ಕೆಳಗಿನಿಂದ ಬರುವ ಒತ್ತು ಮೇಲಿನಿಂದ ಬರುವುದಕ್ಕಿಂತ ಅಷ್ಟರ ಮಟ್ಟಿಗೆ ಜಾಸ್ತಿ. ಕಲ್ಲು ಹತ್ತು ಅಡಿಯಲ್ಲಿರಲಿ ಐವತ್ತು ಅಡಿಯಲ್ಲಿರಲಿ, ಆ ಹತ್ತು ಸೆಂಟಿಮೀಟರಿನ ಅಂತರ ಬದಲಾಗುವುದಿಲ್ಲ.

ಎತ್ತುವುದು ಕೆಳಗಿನಿಂದ ಬರುವ ಆ ಒತ್ತೇ ಎಂಬುದಕ್ಕೊಂದು ಸಾಕ್ಷಿ ನಿಮ್ಮ ಬಾವಿಯಲ್ಲೇ ಇದೆ. ಕೊಡ ಕಳಚಿ ಬಿದ್ದಾಗ ಪಾತಾಳಗರಡಿ ಬಿಟ್ಟು ಹುಡುಕುತ್ತಿದ್ದಿರಲ್ಲ. ಹೊಸದಾಗಿ ಬಿದ್ದ ಕೊಡ ಕೊಕ್ಕೆಗೆ ಸಿಕ್ಕರೆ ಸಲೀಸಾಗಿ ಬರುತ್ತಿತ್ತು. ಹೂಳಿನಲ್ಲಿ ಹೂತು ಕೂತ ಕೊಡ ಮಾತ್ರ ಸುಲಭಕ್ಕೆ ಏಳುತ್ತಿರಲಿಲ್ಲ. ಅಂಟು ಕೆಸರಿನ ಹಿಡಿತ ಒಂದು ಕಾರಣ. ಅದರ ಜೊತೆಗೆ, ತಳಕ್ಕೂ ಕೆಸರಿಗೂ ನಡುವೆ ನೀರು ನುಸುಳದಿದ್ದರೆ ಕೆಳಗಿನಿಂದ ಒತ್ತುವವರೇ ಇಲ್ಲದಂತಾಗುತ್ತದೆ. ಮೇಲಿನ ನೀರು ಒತ್ತುತ್ತಲೇ ಇರುತ್ತದೆ. ಅದಕ್ಕೇ ಹಗ್ಗವನ್ನು ಅತ್ತಿತ್ತ ಜಗ್ಗಾಡಿಸಿ ಮೊದಲು ಅಲುಗಿಸುತ್ತಿದ್ದರು. ಬುಡದಲ್ಲಿ ನೀರು ಹೊಕ್ಕ ಮೇಲೆ ಕೊಡ ಎದ್ದು ಬರುತ್ತಿತ್ತು.

ಮುಂದಿನ ಸಾಲಿನ ಅಜ್ಜಾರು ಆಗಿನಿಂದ ಏನೋ ಹೇಳಬೇಕೆಂದು ಕೂತಿದ್ದಾರೆ. 'ಆಳದ ಬಾವಿ ಒಳಗ ಎಳೀತದಂತಾರಲ್ಲ, ಅದು ಸುಳ್ಳೇನು?' ಅಜ್ಜಾರೆ, ಕಲ್ಲಿಗೆ ಸುಳ್ಳು, ಮನುಷ್ಯನಿಗೆ ಅರ್ಧ ನಿಜ. ಕೊನೆಗೆ ಅಲ್ಲಿಗೇ ಬರುತ್ತೇನೆ.

ಈ ಲೆಕ್ಕವನ್ನು ಮೊದಲು ಬರೆದಿಟ್ಟವನು ಸಿರಾಕ್ಯೂಸ್ ಎಂಬ ಊರಿನ ಗ್ರೀಕ್ ಗಣಿತಜ್ಞ ಆರ್ಕಿಮಿಡೀಸ್, ಕ್ರಿಸ್ತಪೂರ್ವ ಮೂರನೇ ಶತಮಾನದವ. ತೇಲುವ ವಸ್ತುಗಳ ಬಗ್ಗೆಯೇ ಅವನ ಒಂದು ಗ್ರಂಥವಿದೆ. ಮಕ್ಕಳು ಆಗಲೇ 'ಯುರೇಕಾ' ಎಂದು ಪಿಸುಗುಟ್ಟುತ್ತಿದ್ದಾರೆ. ರಾಜನ ಕಿರೀಟದಲ್ಲಿ ಅಕ್ಕಸಾಲಿ ಬೆಳ್ಳಿ ಬೆರೆಸಿದ್ದು, ಸ್ನಾನದ ತೊಟ್ಟಿಯಿಂದ ನೀರು ಚೆಲ್ಲಿದ್ದು, ಇವನು ಬೆತ್ತಲೆ ಓಡಿದ್ದು, ಎಲ್ಲ ಚೆಂದದ ಕಥೆ. ಆ ಗ್ರಂಥದಲ್ಲಿ ಕಿರೀಟದ ಸುದ್ದಿಯೇ ಇಲ್ಲ. ಕಥೆ ಹೇಳಿದವನು ವಿಟ್ರೂವಿಯಸ್ ಎಂಬ ರೋಮಿನ ವಾಸ್ತುಶಿಲ್ಪಿ, ಅದೂ ಸುಮಾರು ಇನ್ನೂರು ವರ್ಷ ಕಳೆದ ಮೇಲೆ. ನನಗೆ ಕಥೆಯ ಬಗ್ಗೆ ಅನುಮಾನ ಬರುವುದು ಲೆಕ್ಕ ಹಾಕಿದಾಗ. ಒಂದು ಕಿಲೋ ಅಪ್ಪಟ ಬಂಗಾರ ಸುಮಾರು 52 ಘನ ಸೆಂಟಿಮೀಟರ್ ಜಾಗ ಹಿಡಿಯುತ್ತದೆ. ನೂರಕ್ಕೆ ಮೂವತ್ತು ಪಾಲು ಬೆಳ್ಳಿ ಬೆರೆಸಿದ ಕಿರೀಟ 65 ಹಿಡಿಯುತ್ತದೆ. ವ್ಯತ್ಯಾಸ 13. ಕಿರೀಟ ಮುಳುಗಬೇಕೆಂದರೆ ಪಾತ್ರೆಯ ಬಾಯಿ ಇಪ್ಪತ್ತು ಸೆಂಟಿಮೀಟರಾದರೂ ಅಗಲ ಬೇಕು. ಅಷ್ಟು ಅಗಲದ ಪಾತ್ರೆಯಲ್ಲಿ ಆ ವ್ಯತ್ಯಾಸಕ್ಕೆ ನೀರು ಅರ್ಧ ಮಿಲಿಮೀಟರೂ ಏರುವುದಿಲ್ಲ. ಆಗಿನ ಪಾತ್ರೆಯಲ್ಲಿ, ಬರಿಗಣ್ಣಲ್ಲಿ ಕಳ್ಳತನ ಹಿಡಿಯುವುದು ದೂರದ ಮಾತು.

ಅದೇ ಕಿರೀಟವನ್ನು ತಕ್ಕಡಿಗೆ ಕಟ್ಟಿ ನೀರಿನಲ್ಲಿ ಇಳಿಬಿಡಿ. ಅಪ್ಪಟದ್ದು 948 ಗ್ರಾಂ ತೂಗುತ್ತದೆ, ಬೆರಕೆಯದು 935. ಹದಿಮೂರು ಗ್ರಾಂ ವ್ಯತ್ಯಾಸವನ್ನು ಯಾವ ಅಕ್ಕಸಾಲಿಯ ತಕ್ಕಡಿಯೂ ಹಿಡಿಯುತ್ತದೆ. ಇದನ್ನೇ 1586ರಲ್ಲಿ ಇಪ್ಪತ್ತೆರಡರ ತರುಣ ಗೆಲಿಲಿಯೊ ಒಂದು ಪುಟ್ಟ ಲೇಖನದಲ್ಲಿ ಬರೆದ: ಆರ್ಕಿಮಿಡೀಸ್ ಮಾಡಿದ್ದರೆ ಹೀಗೆ ಮಾಡಿರಬೇಕು, ಚೆಲ್ಲಿದ ನೀರು ಅಳೆದಲ್ಲ. ಅದೇ 1586ರಲ್ಲಿ ಸೈಮನ್ ಸ್ಟೆವಿನ್ ಎಂಬವನು ನೀರಿನ ಭಾರದ ಬಗ್ಗೆ ಡಚ್ ಭಾಷೆಯಲ್ಲಿ, ಅಂದರೆ ತನ್ನ ಊರ ಮಾತಿನಲ್ಲೇ, ಪುಸ್ತಕ ಅಚ್ಚು ಹಾಕಿಸಿದ. ಕನ್ನಡದಲ್ಲಿ ವಿಜ್ಞಾನ ಬರೆಯುವುದು ಕಷ್ಟ ಎನ್ನುವವರಿಗೆ ನಾನು ಇವನ ಹೆಸರು ಹೇಳುತ್ತಿರುತ್ತೇನೆ: ನಾಲ್ಕು ನೂರು ವರ್ಷದ ಹಿಂದೆಯೇ ಡಚ್ಚಿನಲ್ಲಿ ಆಯಿತಲ್ಲ. ಹಾಂ, ಬಂಗಾರ ಕೊಳ್ಳುವವರು ನೀರಿನ ಪರೀಕ್ಷೆಯನ್ನೇ ನಂಬಿ ಕೂರಬೇಡಿ. ಬಂಗಾರದ ಸಾಂದ್ರತೆ 19.3, ಟಂಗ್‌ಸ್ಟನ್ ಎಂಬ ಲೋಹದ್ದು 19.25. ಒಳಗೆ ಟಂಗ್‌ಸ್ಟನ್ ಗಟ್ಟಿ ಇಟ್ಟು ಮೇಲೆ ಬಂಗಾರ ಹೊದಿಸಿದರೆ ನೀರು ಮೋಸ ಹೋಗುತ್ತದೆ. ಆಗಲೇ ಹೇಳಿದೆನಲ್ಲ, ಒಳಗೆ ಏನಿದೆ ಎಂದು ಅದಕ್ಕೆ ತಿಳಿಯುವುದಿಲ್ಲ.

ಮೋಸದ ಮಾತು ಬಂದದ್ದಕ್ಕೆ ಹಾಲಿನ ಡೇರಿಗೆ ಹೋಗೋಣ. ಡೇರಿ ಕಾರ್ಯದರ್ಶಿಗಳು ಇಲ್ಲೇ ಇದ್ದಾರೆ, ನಗುತ್ತಿದ್ದಾರೆ. ಅವರ ಕೈಲಿರುವ ಲ್ಯಾಕ್ಟೋಮೀಟರು ಆರ್ಕಿಮಿಡೀಸನ ಲೆಕ್ಕವನ್ನು ಗಾಜಿನೊಳಗೆ ಇಟ್ಟ ಉಪಕರಣ. ಕೆಳಗೆ ಭಾರದ ಗುಂಡು, ಮೇಲೆ ಸಣ್ಣ ಕೊಳವೆ, ಕೊಳವೆಯ ಮೇಲೆ ಗೆರೆಗಳು. ಅದರ ತೂಕ ಬದಲಾಗುವುದಿಲ್ಲ. ಹಾಗಾಗಿ ತನ್ನ ತೂಕಕ್ಕೆ ಸಮನಾದ ಹಾಲನ್ನು ಸರಿಸುವವರೆಗೆ ಮುಳುಗುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಗಟ್ಟಿ ಹಾಲಾದರೆ ಸ್ವಲ್ಪವೇ ಸರಿಸಿದರೆ ಸಾಕು, ಮೇಲೆ ನಿಲ್ಲುತ್ತದೆ. ನೀರು ಬೆರೆತಿದ್ದರೆ ಹೆಚ್ಚು ಸರಿಸಬೇಕು, ಕೆಳಗಿಳಿಯುತ್ತದೆ. ಡಿಗ್ರಿ 30 ಎಂದರೆ ಲೀಟರಿಗೆ 1,030 ಗ್ರಾಂ. ಒಳ್ಳೆಯ ಹಾಲು ಸಾಮಾನ್ಯವಾಗಿ 28ರಿಂದ 32ರ ನಡುವೆ ಬರುತ್ತದೆ.

ಈಗ ಚಾಲಾಕಿತನ ನೋಡಿ. ಕೆನೆ ನೀರಿಗಿಂತ ಹಗುರ, ಅದಕ್ಕೇ ಅದು ಮೇಲೆ ಕಟ್ಟುವುದು. ಕೆನೆಯನ್ನು ಪೂರ್ತಿ ತೆಗೆದರೆ ಹಾಲು ಇನ್ನೂ ಗಟ್ಟಿಯಾದಂತೆ ಲ್ಯಾಕ್ಟೋಮೀಟರಿನ ಕಡ್ಡಿಗೆ ಕಾಣುತ್ತದೆ, ಡಿಗ್ರಿ 36ರ ಹತ್ತಿರ ಏರುತ್ತದೆ. ಅಂಥ ಹತ್ತು ಲೀಟರ್ ಹಾಲಿಗೆ ಎರಡು ಲೀಟರ್ ನೀರು ಬೆರೆಸಿದರೆ ಡಿಗ್ರಿ ಸರಿಯಾಗಿ 30ಕ್ಕೆ ಬಂದು ನಿಲ್ಲುತ್ತದೆ. ಬೆಣ್ಣೆಯೂ ಮನೆಯಲ್ಲಿ ಉಳಿಯಿತು, ಎರಡು ಲೀಟರ್ ನೀರಿಗೆ ಹಾಲಿನ ದುಡ್ಡೂ ಬಂತು, ಕಡ್ಡಿಯ ಪ್ರಕಾರ ಹಾಲು ಅಪ್ಪಟ. ಎರಡು ಕಳ್ಳತನ ಸೇರಿ ಒಂದು ಪ್ರಾಮಾಣಿಕತೆಯ ಸರ್ಟಿಫಿಕೇಟ್! ಡೇರಿಯಲ್ಲಿ ಡಿಗ್ರಿಯ ಜೊತೆ ಫ್ಯಾಟನ್ನೂ ನೋಡಿಯೇ ದರ ಹಾಕುವುದಕ್ಕೆ ಇದೂ ಒಂದು ಕಾರಣ. ಎರಡು ಅಳತೆ ಇದ್ದರೆ ಎರಡಕ್ಕೂ ಒಟ್ಟಿಗೆ ಸುಳ್ಳು ಹೇಳುವುದು ಕಷ್ಟ.

ಒಬ್ಬ ತಾಯಿ ಕೇಳುತ್ತಿದ್ದಾರೆ: 'ಆಗಷ್ಟ ಹಿಂಡಿಕೊಂಡು ಬಂದಿದ್ದ ಹಾಲಿಗೆ ನೀರು ಹಾಕೀರಿ ಅಂದ್ರು. ಒಂದು ಹನಿ ಹಾಕಿರಲಿಲ್ಲ. ಯಾಕ ಹಂಗಾತು?' ಬಿಸಿಯಿಂದ ಆಗಿರಬಹುದು ಯವ್ವಾ. ಕರೆದ ಹಾಲು ಬೆಚ್ಚಗಿರುತ್ತದೆ, ಬೆಚ್ಚಗಿದ್ದರೆ ಹಿಗ್ಗಿರುತ್ತದೆ, ಹಿಗ್ಗಿದ್ದು ಕಡ್ಡಿಗೆ ತೆಳುವಾಗಿ ಕಾಣುತ್ತದೆ. ಕಡ್ಡಿ ಯಾವ ಉಷ್ಣತೆಗೆ ಮಾಡಿದ್ದು ಎಂದು ಅದರ ಮೇಲೇ ಬರೆದಿರುತ್ತದೆ. ಅದಕ್ಕೆ ತಕ್ಕ ತಿದ್ದುಪಡಿ ಮಾಡದೆ ಓದಿದರೆ ತಪ್ಪು ಬರುತ್ತದೆ. ಇನ್ನೊಮ್ಮೆ ಹಾಗಾದರೆ ತಣಿಸಿ ಮತ್ತೊಮ್ಮೆ ನೋಡಿ ಎಂದು ಕೇಳುವ ಹಕ್ಕು ನಿಮಗಿದೆ. ಹಸು-ಎಮ್ಮೆ ಸಾಕಿದವರ ಮರ್ಯಾದೆಯ ಪ್ರಶ್ನೆ ಇದು, ಸಣ್ಣದಲ್ಲ.

ಲ್ಯಾಕ್ಟೋಮೀಟರ್ ನಿಂತ ಹಾಗೆಯೇ ಹರಿಗೋಲೂ ನಿಲ್ಲುತ್ತದೆ, ಹಡಗೂ ನಿಲ್ಲುತ್ತದೆ. ಈ ಸ್ಟೀಲಿನ ವಾಟಿಯನ್ನು ಮೆಲ್ಲಗೆ ಬಿಟ್ಟರೆ ತೇಲುತ್ತದೆ. ಓರೆ ಮಾಡಿ ಬಿಟ್ಟರೆ ಬುಡುಬುಡು ಎಂದು ನೀರು ಕುಡಿದು ತಳ ಕಾಣುತ್ತದೆ. ಲೋಹ ಅದೇ, ತೂಕ ಅದೇ. ನೀರನ್ನು ಹೊರಗಿಟ್ಟು ಹಿಡಿದುಕೊಂಡ ಜಾಗ ಮಾತ್ರ ಬೇರೆ. ನಮ್ಮ ಹಾವೇರಿ ಜಿಲ್ಲೆಗೆ ಇದು ಹೊಸ ಮಾತಲ್ಲ. ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರ ತುಂಗಭದ್ರೆಯ ದಡದಲ್ಲಿದೆ. ಹನ್ನೆರಡನೇ ಶತಮಾನದ ಶರಣ ಅಂಬಿಗರ ಚೌಡಯ್ಯನ ಹೆಸರು ಹೊತ್ತ ಊರು. ಮುಕ್ತೇಶ್ವರ ಗುಡಿ ನೋಡಲು ಹೋದವರು ಹೊಳೆಯನ್ನೂ ಒಂದಿಷ್ಟು ಹೊತ್ತು ನೋಡಿ ಬನ್ನಿ. ಚೌಡಯ್ಯನ ಕಸುಬಿನವರಿಗೆ ಸೂತ್ರ ಬೇಕಿರಲಿಲ್ಲ. ನಮಗೆ ಲೆಕ್ಕ ಬೇಕು: ಎರಡು ಮೀಟರ್ ಅಗಲದ ಹರಿಗೋಲಿನ ತಳ ಸಪಾಟು ಎಂದು ಹಿಡಿದರೆ ಒಂದು ಸೆಂಟಿಮೀಟರ್ ಇಳಿಯಲು 31 ಕಿಲೋ ಬೇಕು. ಒಬ್ಬ ಗಟ್ಟಿ ಆಳು ಹತ್ತಿದರೆ ಹೆಚ್ಚುಕಡಿಮೆ ಎರಡು ಸೆಂಟಿಮೀಟರ್, ಒಂದು ಬೆರಳಗಲ, ಇಳಿಯುತ್ತದೆ. ಅಂಬಿಗ ಜನರನ್ನು ಎಣಿಸುವುದಕ್ಕಿಂತ ಹೆಚ್ಚಾಗಿ ಅಂಚಿಗೂ ನೀರಿಗೂ ಉಳಿದ ಬೆರಳನ್ನು ನೋಡುತ್ತಾನೆ. ಸಮುದ್ರದ ಹಡಗುಗಳಿಗೂ ಇದಕ್ಕಿಂತ ಹೆಚ್ಚು ಮುಳುಗಬಾರದು ಎಂದು ಪಕ್ಕದಲ್ಲಿ ಗೆರೆ ಬರೆಯಬೇಕೆಂದು ಬ್ರಿಟನ್ನಿನ ಪಾರ್ಲಿಮೆಂಟಿನಲ್ಲಿ ಸ್ಯಾಮ್ಯುಯೆಲ್ ಪ್ಲಿಮ್ಸೋಲ್ ಎಂಬವನು ಜಗಳಾಡಿದ. ಅತಿಯಾಗಿ ಸರಕು ಹೇರಿದ ಹಡಗುಗಳು ನಾವಿಕರ ಸಮೇತ ಮುಳುಗುತ್ತಿದ್ದವು. 1876ರಲ್ಲಿ ಕಾನೂನು ಬಂತು, ಆ ಗೆರೆಗೆ ಇವತ್ತಿಗೂ ಅವನದೇ ಹೆಸರು. ಹೊಳೆಯಿಂದ ಸಮುದ್ರಕ್ಕೆ ಹೋದ ಹಡಗು ತುಸು ಮೇಲೇಳುತ್ತದೆ, ಉಪ್ಪುನೀರು ಲೀಟರಿಗೆ 25 ಗ್ರಾಂ ಹೆಚ್ಚು ತೂಗುತ್ತದೆ ಎಂಬ ಕಾರಣಕ್ಕೆ.

ಉಪ್ಪುನೀರಿನ ಈ ಗುಣವನ್ನು ಭತ್ತ ಬಿತ್ತುವವರು ಬಳಸಿಕೊಳ್ಳುತ್ತಾರೆ. ಹಾನಗಲ್ಲಿನವರಿಗೆ ನಾನು ಭತ್ತದ ಪಾಠ ಹೇಳುವುದು ಅಧಿಕಪ್ರಸಂಗ. ಆದರೂ ಬಿತ್ತನೆಗೆ ಸಾದಾ ನೀರಿನಲ್ಲಿ ಜೊಳ್ಳು ತೆಗೆದು ಬಿಡುವವರೇ ಹೆಚ್ಚು ಕಾಣುತ್ತಾರೆ. ಸಾದಾ ನೀರಿನಲ್ಲಿ ಪೂರ್ತಿ ಪೊಳ್ಳು ಮಾತ್ರ ಮೇಲೆ ಬರುತ್ತದೆ, ಅರ್ಧ ತುಂಬಿದ ಕಾಳು ಗಟ್ಟಿಕಾಳಿನ ಜೊತೆ ಕೆಳಗೆ ಕೂತುಬಿಡುತ್ತದೆ. ಹತ್ತು ಲೀಟರಿಗೆ ಒಂದೂವರೆ ಕಿಲೋದಷ್ಟು ಉಪ್ಪು ಕರಗಿಸಿದರೆ ಆ ಅರೆಬರೆ ಕಾಳೂ ತೇಲುತ್ತದೆ. ಉಪ್ಪು ಸಾಕಾಯಿತೇ ಎಂದು ನೋಡಲು ತಾಜಾ ಕೋಳಿಮೊಟ್ಟೆ ಬಿಡುತ್ತಾರೆ. ಸಾದಾ ನೀರಿನಲ್ಲಿ ಮುಳುಗುವ ಮೊಟ್ಟೆ ಇಲ್ಲಿ ತೇಲಿ, ನೆತ್ತಿ ರೂಪಾಯಿ ನಾಣ್ಯದಷ್ಟು ಹೊರಗೆ ಕಾಣಬೇಕು. ಮೊಟ್ಟೆ ತಾಜಾ ಇರಬೇಕು ಎನ್ನುವುದು ಮುಖ್ಯ. ಹಳೆಯದಾದರೆ ಚಿಪ್ಪಿನ ಸಣ್ಣ ತೂತುಗಳಿಂದ ತೇವ ಆರಿ ಒಳಗೆ ಗಾಳಿ ತುಂಬಿರುತ್ತದೆ, ಉಪ್ಪಿಲ್ಲದ ನೀರಿನಲ್ಲೂ ತೇಲುತ್ತದೆ. ಆಮೇಲೆ ಮುಳುಗಿದ ಬೀಜವನ್ನು ಎರಡು ಮೂರು ಸಲ ಒಳ್ಳೆಯ ನೀರಿನಲ್ಲಿ ತೊಳೆಯಬೇಕು, ಇಲ್ಲವಾದರೆ ಉಪ್ಪು ಮೊಳಕೆಗೆ ಕುತ್ತು.

'ಸರ್, ಮಿರ್ಚಿ ಎಣ್ಣಿಗೆ ಬಿಟ್ಟಾಗ ಮೊದಲ ಮುಳುಗಿ ಆಮ್ಯಾಲ ತೇಲ್ತದಲ್ಲ?' ಕೇಳಿದವನ ಮನೆಯಲ್ಲಿ ಅಂಗಡಿ ಇದೆಯೋ, ಹಸಿವಾಗಿದೆಯೋ ತಿಳಿಯದು. ಹಸಿ ಹಿಟ್ಟು ಎಣ್ಣೆಗಿಂತ ಭಾರ, ಮುಳುಗುತ್ತದೆ. ಕಾದ ಎಣ್ಣೆಯಲ್ಲಿ ಹಿಟ್ಟಿನ ನೀರು ಆವಿಯಾಗುತ್ತದೆ. ನೀರು ಆವಿಯಾದರೆ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಆ ಗುಳ್ಳೆಗಳು ಹಿಟ್ಟನ್ನು ಉಬ್ಬಿಸಿ ಜಾಗ ಹೆಚ್ಚಿಸುತ್ತವೆ, ಎಣ್ಣೆ ಎತ್ತಿಬಿಡುತ್ತದೆ. ಎಣ್ಣೆ ಕಾದಿದೆಯೇ ಎಂದು ಒಂದು ಹನಿ ಹಿಟ್ಟು ಬಿಟ್ಟು ನೋಡುತ್ತಾರಲ್ಲ, ಅದು ಇದೇ. ಹನಿ ತಳದಲ್ಲೇ ಕೂತರೆ ಇನ್ನೂ ಉರಿ ಬೇಕು. ಸೂಜಿಯನ್ನು ಮೆಲ್ಲಗೆ ನೀರ ಮೇಲೆ ಮಲಗಿಸಿದರೆ ನಿಲ್ಲುತ್ತದೆ, ಅದನ್ನೂ ಕೇಳುತ್ತೀರಿ ಎಂದು ಗೊತ್ತು. ಅದು ಬೇರೆ ಸಂಗತಿ, ನೀರಿನ ಮೇಲ್ಮೈಯ ಬಿಗಿತ. ಒಂದು ಹನಿ ಸೋಪಿನ ನೀರು ಬಿಟ್ಟರೆ ಬಿಗಿತ ಸಡಿಲಿ ಸೂಜಿ ಮುಳುಗುತ್ತದೆ. ಮನೆಯಲ್ಲಿ ಮಾಡಿ ನೋಡಿ.

ಇನ್ನು ಅಜ್ಜಾರ ಪ್ರಶ್ನೆ. ಇದಕ್ಕೆ ಸಮಯ ಉಳಿಸಿಕೊಂಡಿದ್ದೇನೆ, ಯಾಕೆಂದರೆ ಇದು ಜೀವದ ಮಾತು.

ಎದೆ ತುಂಬ ಉಸಿರು ಹಿಡಿದ ಮನುಷ್ಯ ಸಿಹಿನೀರಿಗಿಂತ ಒಂಚೂರು ಹಗುರ, ನೂರಕ್ಕೆ ಎರಡರಷ್ಟು. ಉಸಿರು ಬಿಟ್ಟರೆ ಒಂಚೂರು ಭಾರ. ಅಂದರೆ ನಾವು ಅಂಚಿನ ಮೇಲೇ ನಿಂತಿದ್ದೇವೆ. 60 ಕಿಲೋದ ಆಳು ಎದೆ ತುಂಬ ಉಸಿರು ಹಿಡಿದು ಪೂರ್ತಿ ಮುಳುಗಿದ್ದರೆ ನೀರು ಅವನನ್ನು ಮೇಲಕ್ಕೆ ದೂಡುವ ಹೆಚ್ಚುವರಿ ಬಲ ಒಂದು ಕಿಲೋ ಇನ್ನೂರು ಗ್ರಾಂ ಅಷ್ಟೇ. ಅಂಗಾತ ಮಲಗಿದರೆ ಮೂಗು, ಬಾಯಿ ಹೊರಗಿಡಲು ಅದು ಸಾಕು. ಆದರೆ ಗಾಬರಿಯಾದವನು ಏನು ಮಾಡುತ್ತಾನೆ? ಎರಡೂ ಕೈ ಮೇಲೆತ್ತಿ ಕೂಗುತ್ತಾನೆ. ಒಂದೊಂದು ಕೈ ಮೂರು ಕಿಲೋ ಹತ್ತಿರ ತೂಗುತ್ತದೆ. ಹೊರಗೆ ಬಂದ ಕೈಯನ್ನು ನೀರು ಹೊರುವುದಿಲ್ಲ. ಕೂಗಿದಾಗ ಎದೆಯ ಗಾಳಿಯೂ ಖಾಲಿ. ತಲೆ ಒಳಗೆ ಹೋಗುವುದು ಹೀಗೆ.

ಆಳ ಎಳೆಯುತ್ತದೆ ಎನ್ನುವ ಮಾತಿನ ಅರ್ಧ ನಿಜ ಇಲ್ಲಿದೆ. ಕಲ್ಲು ಒತ್ತಡಕ್ಕೆ ಕುಗ್ಗುವುದಿಲ್ಲ, ಎದೆಯ ಗಾಳಿ ಕುಗ್ಗುತ್ತದೆ. ಹತ್ತು ಮೀಟರ್ ಆಳದಲ್ಲಿ ಐದು ಲೀಟರ್ ಗಾಳಿ ಎರಡೂವರೆ ಲೀಟರಾಗುತ್ತದೆ. ಮೈ ಹಿಡಿದ ಜಾಗ ಕಡಿಮೆಯಾಯಿತು, ಜಮೆಯೂ ಕಡಿಮೆಯಾಯಿತು. ಲೆಕ್ಕ ಹಾಕಿದರೆ ಸುಮಾರು ಹತ್ತು ಅಡಿ ದಾಟುವಷ್ಟರಲ್ಲಿ ಆ ಒಂದು ಕಿಲೋ ಚಿಲ್ಲರೆ ಹೆಚ್ಚುವರಿ ಮುಗಿದಿರುತ್ತದೆ. ಅಲ್ಲಿಂದ ಕೆಳಗೆ ಮೈ ತಾನಾಗಿ ಇಳಿಯತೊಡಗುತ್ತದೆ. ಬಾವಿಗೆ ಮುಳುಗು ಹಾಕಿ ಕೊಡ ತೆಗೆಯುತ್ತಿದ್ದವರನ್ನು ಕೇಳಿ: ಮೊದಲ ಮಾರು ಇಳಿಯಲು ಒದ್ದಾಡಬೇಕು, ಆಮೇಲೆ ಸಲೀಸು ಎನ್ನುತ್ತಾರೆ. ಬಾವಿಗೆ ದೆವ್ವ ಬೇಕಿಲ್ಲ.

ಮೊದಲು ಈಸು ಕಲಿಯುವ ಹುಡುಗರ ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿ ಬಾವಿಗೆ ದೂಡುತ್ತಿದ್ದರು. ಈಗ ಬಾವಿಗಳು ಬತ್ತಿವೆ, ಬೋರ್‌ವೆಲ್ ಬಂದಿವೆ, ಈಸು ಬರದ ಮಕ್ಕಳು ಬೆಳೆಯುತ್ತಿದ್ದಾರೆ. ಅದೇ ಹೊತ್ತಿಗೆ ಸರ್ಕಾರದ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಹೊಲಹೊಲಕ್ಕೂ ಕೃಷಿ ಹೊಂಡಗಳಾಗಿವೆ. ಹೊಂಡ ಒಳ್ಳೆಯದು, ನಾನು ಅದರ ವಿರೋಧಿಯಲ್ಲ. ಆದರೆ ಅದರ ಇಳಿಜಾರಿಗೆ ಹಾಸಿದ ಪ್ಲಾಸ್ಟಿಕ್ ಮೇಲೆ ಪಾಚಿ ಕಟ್ಟಿದರೆ ಈಸು ಬಂದವನಿಗೂ ಹತ್ತಿ ಬರಲಾಗುವುದಿಲ್ಲ. ಕಾಲು ಊರಲು ಕಲ್ಲಿನ ಸಂದು ಕೂಡ ಇಲ್ಲ. ಬಾವಿಗೆ ಮೆಟ್ಟಿಲಿತ್ತು.

ಹೊಂಡಕ್ಕೆ ಬಿದ್ದವರನ್ನು ಉಳಿಸಲು ಬೇಕಾದ ಸಾಮಾನು ನಿಮ್ಮ ಮನೆಯಲ್ಲೇ ಇದೆ. ಮುಚ್ಚಳ ಬಿಗಿಯಾದ ಐದು ಲೀಟರಿನ ಖಾಲಿ ಕ್ಯಾನ್ ನೀರಿನಲ್ಲಿ ಐದು ಕಿಲೋ ಹತ್ತಿರ ಭಾರ ಹೊರುತ್ತದೆ. ನಮ್ಮ ತಲೆಯ ತೂಕ ಸುಮಾರು ಅಷ್ಟೇ. ಎದೆಗೆ ಅವಚಿಕೊಂಡರೆ ತಲೆ ಹೊರಗಿರುತ್ತದೆ, ಉಸಿರು ಸಿಗುತ್ತದೆ. ಹೊಂಡದ ಪಕ್ಕ ಒಂದು ಗಟ್ಟಿ ಗೂಟ ಹೊಡೆಯಿರಿ, ಅದಕ್ಕೆ ಆಚೆ ದಡ ಮುಟ್ಟುವಷ್ಟು ಉದ್ದದ ಹಗ್ಗ ಕಟ್ಟಿ, ತುದಿಗೆ ಕ್ಯಾನ್ ಕಟ್ಟಿಡಿ. ಇನ್ನೊಂದು ಹಗ್ಗಕ್ಕೆ ಮೊಳಕ್ಕೊಂದು ಗಂಟು ಹಾಕಿ ಇಳಿಜಾರಿನ ಮೇಲೆ ಕಾಯಂ ಇಳಿಬಿಡಿ, ಹಿಡಿದು ಹತ್ತಲು ಬೇಕು. ಯಾರಾದರೂ ಬಿದ್ದರೆ ಹಿಂದೆಯೇ ಹಾರಬೇಡಿ. ಮುಳುಗುವವನು ಸಿಕ್ಕಿದ್ದನ್ನು ಅಪ್ಪಿಕೊಳ್ಳುತ್ತಾನೆ, ಇಬ್ಬರೂ ಹೋಗುತ್ತೀರಿ. ಕ್ಯಾನ್ ಎಸೆಯಿರಿ. ಬಿದ್ದವರು ಕೈ ನೀರಿನೊಳಗೇ ಇಟ್ಟು, ಅಂಗಾತ ಆಗಿ, ಎದೆ ತುಂಬ ಉಸಿರು ಹಿಡಿಯಬೇಕು. ಇದನ್ನು ಮಕ್ಕಳಿಗೆ ಹೇಳಿಕೊಡಿ, ಸಾಧ್ಯವಾದರೆ ಸೊಂಟಮಟ್ಟದ ನೀರಿನಲ್ಲಿ ನಿಲ್ಲಿಸಿ ಮಾಡಿಸಿ.

'ಔಷಧ ಹೊಡಿಯೋ ಖಾಲಿ ಕ್ಯಾನ್ ಭಾಳ ಬಿದ್ದಾವ್ರೀ, ನಡೀತದೇನು?' ಬೇಡ. ವಿಷದ ಡಬ್ಬಿ ನೀರಿಗೆ ಬೇಡವೇ ಬೇಡ. ಅಡುಗೆ ಎಣ್ಣೆಯ ಕ್ಯಾನ್ ತೆಗೆದುಕೊಳ್ಳಿ. ಬಿಸಿಲಿಗೆ ಪ್ಲಾಸ್ಟಿಕ್ ಸೀಳು ಬಿಡುತ್ತದೆ, ಆದ್ದರಿಂದ ಪ್ರತಿ ಮುಂಗಾರಿನ ಮೊದಲು ಒಮ್ಮೆ ನೀರಿನೊಳಗೆ ಅದುಮಿ ಹಿಡಿದು ಗುಳ್ಳೆ ಬರುತ್ತದೆಯೇ ನೋಡಿ. ಬಂದರೆ ಬದಲಿಸಿ.